ಕರೆಂಟ್ ಮೇಷ್ಟ್ರನ್ನು ಕೇಳಿ: ಮೂರು ಟ್ಯೂಬ್ ಉರಿದರೂ ಮೇಜಿನ ಮೇಲೆ ಕತ್ತಲೆ

ಪ್ರಶ್ನೆ: ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಕೆಲಸದ ಮೇಜು ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಮೇಲೆ ಜಿಂಕ್ ಶೀಟು, ನೆಲದಿಂದ ಹನ್ನೊಂದು ಅಡಿ ಎತ್ತರ. ಶೀಟಿನ ಕೆಳಗಿನ ಪೈಪಿಗೆ ಮೂರು ಹಳೇ ಚೋಕ್ ಟ್ಯೂಬ್‌ಲೈಟ್ ಕಟ್ಟಿದ್ದೇನೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮೂರೂ ಉರಿಯುತ್ತವೆ. ಆದರೂ ಸ್ಟೇಟರ್ (ಮೋಟರಿನ ತಿರುಗದ, ತಂತಿ ಸುತ್ತುವ ಭಾಗ) ಒಳಗೆ ಏನೂ ಕಾಣಲ್ಲ, ಕಣ್ಣು ಉರಿ ಬರುತ್ತದೆ. ಇನ್ನೆರಡು ಟ್ಯೂಬ್ ಹಾಕಿಸಲಾ, ಇಲ್ಲ ಒಂದು ಎಲ್‌ಇಡಿ ಫ್ಲಡ್‌ಲೈಟ್ ಹಾಕಿಸಲಾ? ಕರೆಂಟ್ ಬಿಲ್ಲೂ ಇಳಿಯಬೇಕು. ಪಕ್ಕದಲ್ಲೇ ಒಂದು ಸಣ್ಣ ಲೇತ್ ಇದೆ.

ಉತ್ತರ: ಎರಡೂ ಬೇಡ. ನಿಮ್ಮ ದೀಪಗಳು ಕಡಿಮೆ ಇಲ್ಲ, ದೂರ ಇವೆ.

ಹಳೇ 40 ವ್ಯಾಟಿನ ಟ್ಯೂಬು ತಾನೊಂದೇ 40 ವ್ಯಾಟ್ ತಿನ್ನುವುದಿಲ್ಲ. ಅದರ ಚೋಕ್ ಕೂಡ ಬಿಸಿಯಾಗುತ್ತಾ ಹತ್ತು ಹನ್ನೆರಡು ವ್ಯಾಟ್ ನುಂಗುತ್ತದೆ. ಮೂರೂ ಸೇರಿದರೆ 150 ವ್ಯಾಟ್ ಆಯಿತು. ಟ್ಯೂಬು ದುಂಡಗಿರುವುದರಿಂದ ಬೆಳಕು ಸುತ್ತಲೂ ಚೆಲ್ಲುತ್ತದೆ, ಅರ್ಧ ಬೆಳಕು ಶೀಟಿನ ಕಡೆಗೇ ಹೋಗುತ್ತದೆ. ಆ ಶೀಟು ವಾರ್ನಿಶ್ ಹೊಗೆ, ಧೂಳು ಹಿಡಿದು ಕಪ್ಪಾಗಿದ್ದರೆ ಅಲ್ಲಿಂದ ಏನೂ ವಾಪಸ್ ಬರುವುದಿಲ್ಲ. ನೀವು ದುಡ್ಡು ಕೊಟ್ಟು ಸೂರನ್ನು ಬೆಳಗುತ್ತಿದ್ದೀರಿ.

ಇನ್ನು ದೂರದ ವಿಷಯ. ದಾವಣಗೆರೆಯವನಾದ ನನಗೆ ಇದನ್ನು ಬೆಣ್ಣೆ ದೋಸೆಯಲ್ಲೇ ಹೇಳುವುದು ಸುಲಭ. ಒಂದೇ ಮುದ್ದೆ ಬೆಣ್ಣೆಯನ್ನು ಎರಡು ಪಟ್ಟು ಅಗಲದ ದೋಸೆಗೆ ಸವರಿದರೆ ಬೆಣ್ಣೆ ಅರ್ಧ ತೆಳುವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಗಲ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟು, ಅಲ್ವಾ? ದೀಪದ ದೂರ ಎರಡು ಪಟ್ಟಾದಾಗ ಬೆಳಕಿಗೂ ಆಗುವುದು ಅದೇ. ಉದ್ದನೆಯ ದೀಪ ಹತ್ತಿರದಲ್ಲಿದ್ದಾಗ ಈ ಲೆಕ್ಕ ಸ್ವಲ್ಪ ಸಡಿಲ ಆಗುತ್ತದೆ, ಆದರೂ ದಾರಿ ಅದೇ.

ಅಂಕಿಯಲ್ಲಿ ನೋಡೋಣ. ದೀಪದಿಂದ ಹೊರಡುವ ಬೆಳಕನ್ನು ಲೂಮೆನ್‌ನಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಬಂದು ಬೀಳುವ ಲೂಮೆನ್ ಎಷ್ಟೋ ಅಷ್ಟು ಲಕ್ಸ್. ಪೆಟ್ಟಿಗೆಯ ಮೇಲೆ ವ್ಯಾಟ್ ನೋಡಿ ದೀಪ ಕೊಳ್ಳುವುದು ನಮ್ಮ ಹಳೇ ಚಾಳಿ. ವ್ಯಾಟ್ ಎಂದರೆ ದೀಪ ತಿನ್ನುವ ಲೆಕ್ಕ, ಕೊಡುವ ಲೆಕ್ಕ ಲೂಮೆನ್. ಒರಟು ಕೆಲಸಕ್ಕೆ 300 ಲಕ್ಸ್ ಸಾಕು, ಸಾಮಾನ್ಯ ಬೆಂಚ್ ಕೆಲಸಕ್ಕೆ 500 ಬೇಕು. ಕಾಯಿಲ್ ತುದಿ ಕೆರೆದು ಬೆಸುಗೆ ಹಾಕುವಂಥ ಸೂಕ್ಷ್ಮ ಕೆಲಸಕ್ಕೆ 700–750 ಇದ್ದರೆ ಕಣ್ಣಿಗೆ ಆರಾಮ.

ಈಗ 20 ವ್ಯಾಟಿನ ಒಂದು ಒಳ್ಳೆಯ ಎಲ್‌ಇಡಿ ಬ್ಯಾಟನ್, ಅಂದರೆ ದೀಪ, ಪಟ್ಟಿ ಎಲ್ಲ ಒಂದೇ ಆಗಿರುವ ಉದ್ದನೆಯ ದೀಪ, ತೆಗೆದುಕೊಳ್ಳಿ. ನಾಲ್ಕು ಅಡಿ ಉದ್ದ ಇರುತ್ತದೆ, ಸುಮಾರು 2000 ಲೂಮೆನ್ ಕೊಡುತ್ತದೆ, ಬೆಳಕನ್ನು ಹೆಚ್ಚಾಗಿ ಕೆಳಗೇ ಬಿಡುತ್ತದೆ. ನಿಮ್ಮ ಮೇಜು ಮೂರು ಅಡಿ ಎತ್ತರ ಎಂದುಕೊಂಡರೆ, ಈಗಿನ ದೀಪಗಳು ಮೇಜಿನಿಂದ ಎಂಟು ಅಡಿ ಮೇಲಿವೆ. ಈ ಬ್ಯಾಟನ್ನನ್ನು ಅಲ್ಲೇ ಕಟ್ಟಿದರೆ ಮೇಜಿನ ನಡುವೆ ಸಿಗುವುದು 100 ಲಕ್ಸ್‌ಗಿಂತ ತುಸು ಜಾಸ್ತಿ, ಅಷ್ಟೇ. ಅದನ್ನೇ ಮೇಜಿನಿಂದ ನಾಲ್ಕು ಅಡಿ ಎತ್ತರಕ್ಕೆ ಇಳಿಸಿದರೆ 380ರ ಹತ್ತಿರ ಬರುತ್ತದೆ. ಅಂಥವು ಎರಡಿದ್ದರೆ 700 ದಾಟುತ್ತದೆ. ವಿದ್ಯುತ್ ಖರ್ಚು 40 ವ್ಯಾಟ್. ಇಂದಿನ ನಿಮ್ಮ ಮೂರು ಟ್ಯೂಬು 150 ವ್ಯಾಟ್ ತಿಂದು ಅದೇ ಜಾಗಕ್ಕೆ 150 ಲಕ್ಸ್ ಕೊಟ್ಟರೆ ಹೆಚ್ಚು. ಮೇಜಿನ ಎರಡು ತುದಿಗಳಲ್ಲಿ ಬೆಳಕು ನಡುವಿನ ಅರ್ಧದಷ್ಟಿರುತ್ತದೆ. ಅಲ್ಲಿ ನೀವು ಇಡುವುದು ಸುತ್ತಿಗೆ, ಇಕ್ಕಳ ತಾನೇ? ಬೇಕೇ ಬೇಕು ಎಂದರೆ ಒಂದು ಬ್ಯಾಟನ್ನನ್ನು ಸ್ವಲ್ಪ ಎಡಕ್ಕೆ, ಇನ್ನೊಂದನ್ನು ಸ್ವಲ್ಪ ಬಲಕ್ಕೆ ಸರಿಸಿ.

ಕಟ್ಟುವ ಜಾಗ ಮುಖ್ಯ. ದೀಪ ನಿಮ್ಮ ಬೆನ್ನ ಹಿಂದೆ ಇದ್ದರೆ ನಿಮ್ಮ ತಲೆಯ ನೆರಳಲ್ಲೇ ನೀವು ಕೆಲಸ ಮಾಡುತ್ತೀರಿ. ಎಷ್ಟೋ ಅಂಗಡಿಗಳಲ್ಲಿ ಟ್ಯೂಬು ಕೋಣೆಯ ನಡುವೆ, ಮೇಜು ಗೋಡೆಗೆ. ಆಮೇಲೆ ಬೆಳಕು ಸಾಲದು ಎಂದು ಗೋಳು! ಮೊದಲ ಬ್ಯಾಟನ್ ಮೇಜಿನ ಮುಂದಿನ ಅಂಚಿನಿಂದ ಒಂದಡಿ ಒಳಗೆ ಇರಲಿ, ಎರಡನೆಯದು ಎರಡಡಿ ಒಳಗೆ, ಅಂದರೆ ಗೋಡೆಯ ಹತ್ತಿರ. ಎರಡೂ ಮೇಜಿನ ಉದ್ದಕ್ಕೆ ಸಮನಾಗಿರಲಿ. ಒಂದರಿಂದ ಬೀಳುವ ಕೈ ನೆರಳನ್ನು ಇನ್ನೊಂದು ತಿಳಿ ಮಾಡುತ್ತದೆ. ಎರಡಕ್ಕೂ ನಿಮ್ಮ ಕಡೆಗೆ ನಾಲ್ಕು ಇಂಚಿನ ತಗಡಿನ ಪಟ್ಟಿ ಇಳಿಬಿಡಿ, ಒಳಗೆ ಬಿಳಿ ಬಣ್ಣ ಬಳಿಯಿರಿ. ದೀಪ ನೇರವಾಗಿ ಕಣ್ಣಿಗೆ ಕಾಣಬಾರದು. ನಿಮ್ಮ ಕಣ್ಣುರಿಗೆ ಅರ್ಧ ಕಾರಣ ಬೆಳಕಿನ ಕೊರತೆ ಇರಬಹುದು, ಫ್ಲಡ್‌ಲೈಟ್ ಹಾಕಿದ್ದರೆ ಉಳಿದರ್ಧವೂ ಬರುತ್ತಿತ್ತು. ಒಂದೇ ಕಡೆಯಿಂದ ಚುಚ್ಚುವ ಬೆಳಕು ಅದು. ಎನಾಮಲ್ ತಂತಿಯ ಮೇಲೆ ಬಿದ್ದು ಥಳಥಳ ಹೊಳೆದು ಗೀರು ಎಲ್ಲಿದೆ ಎಂದೇ ಕಾಣದಂತೆ ಮಾಡುತ್ತದೆ. ಅದು ಅಂಗಳಕ್ಕೆ ಸರಿ.

ಚೈನಿನಲ್ಲಿ ತೂಗುಹಾಕಿ, ವೈರಿನಲ್ಲಿ ಬೇಡ. ತಗಡಿಗೆ ಅರ್ತಿಂಗ್ ಕೊಡಿ. ಹಳೇ ಟ್ಯೂಬ್‌ಲೈಟಿನ ಪಟ್ಟಿಗೇ ಎಲ್‌ಇಡಿ ಟ್ಯೂಬು ಸಿಕ್ಕಿಸುವ ಯೋಚನೆ ಇದ್ದರೆ ಬಿಡಿ. ಚೋಕ್ ತೆಗೆಯದೆ ಬಿಟ್ಟರೆ ಅದು ಸುಮ್ನೆ ಕರೆಂಟ್ ತಿನ್ನುತ್ತದೆ. ಕೆಲವು ಟ್ಯೂಬಿಗೆ ಒಂದೇ ತುದಿಗೆ ಕರೆಂಟ್ ಕೊಡಬೇಕು, ಕೆಲವಕ್ಕೆ ಎರಡೂ ತುದಿಗೆ. ತಪ್ಪಿದರೆ ಢಂ. ಪೂರ್ತಿ ಬ್ಯಾಟನ್ನೇ ಕೊಳ್ಳಿ. ಪೆಟ್ಟಿಗೆಯ ಮೇಲೆ ವೋಲ್ಟೇಜ್ 100ರಿಂದ 300 ಎಂಬಂತೆ ಅಗಲವಾಗಿ ಬರೆದಿರಬೇಕು. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎಳೆದಾಗ ನಿಮ್ಮ ಕಡೆ ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆ ಎಂದು ನಿಮಗೇ ಗೊತ್ತು. ಆಗ ಚೋಕ್ ಟ್ಯೂಬು ಪಿಳಿಪಿಳಿ ಅನ್ನುತ್ತದೆ, ಇದು ಉರಿಯುತ್ತಲೇ ಇರುತ್ತದೆ. ನೀವು ಮೋಟರ್ ಟೆಸ್ಟ್ ಮಾಡುವ ಲೈನಿನಿಂದ ದೀಪಕ್ಕೆ ಕರೆಂಟ್ ತೆಗೆಯಬೇಡಿ. ಮೋಟರ್ ನಿಂತಾಗ ಏಳುವ ವೋಲ್ಟೇಜ್ ಹೊಡೆತ ಎಲ್‌ಇಡಿ ಡ್ರೈವರಿಗೆ (ದೀಪದೊಳಗೆ ಕರೆಂಟನ್ನು ಹದ ಮಾಡುವ ಭಾಗ) ಒಳ್ಳೆಯದಲ್ಲ. ಬೇರೆ ಎಂಸಿಬಿ ಹಾಕಿಸಿ.

ಸ್ಟೇಟರ್ ಒಳಗೆ ಕಾಣಲ್ಲ ಅಂದಿರಿ. ಅದಕ್ಕೆ ಮೇಲಿನ ಯಾವ ದೀಪವೂ ಸಾಲುವುದಿಲ್ಲ. ಸಬ್‌ಮರ್ಸಿಬಲ್ ಸ್ಟೇಟರ್ ಎಂದರೆ ಉದ್ದನೆಯ ಕೊಳವೆ. ಮೇಲಿನ ಬೆಳಕು ಅದರ ಬಾಯಿಯಲ್ಲೇ ನಿಲ್ಲುತ್ತದೆ. ಬಾಗುವ ಕತ್ತಿನ 5 ವ್ಯಾಟಿನ ದೀಪ ಒಂದನ್ನು, ಬುಡದಲ್ಲಿ ಮ್ಯಾಗ್ನೆಟ್ ಇರುವಂಥದ್ದು, ಮೇಜಿಗೆ ಅಂಟಿಸಿಕೊಳ್ಳಿ. ಇಲ್ಲವೇ ಹಣೆಗೆ ಕಟ್ಟುವ ಟಾರ್ಚು. ನನ್ನ ಐಟಿಐ ಹುಡುಗರು ಹಣೆ ಟಾರ್ಚು ಕಂಡರೆ ನಗುತ್ತಿದ್ದರು. ತಂತಿ ಕೂರುವ ಸ್ಲಾಟಿನಲ್ಲಿ ಪೇಪರ್ ಹರಿದದ್ದು ಕಾಣದೆ ಪೂರ್ತಿ ಕಾಯಿಲ್ ಬಿಚ್ಚಬೇಕಾಗಿ ಬಂದ ಮೇಲೆ ಅವರೇ ಕೇಳಿ ಕಟ್ಟಿಕೊಳ್ಳುತ್ತಿದ್ದರು.

ಲೇತ್ ಇದೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಜಾಸ್ತಿ ಚಿಂತೆ ಅದರದ್ದೇ. ನಮ್ಮ ಕರೆಂಟ್ 50 ಹರ್ಟ್ಸ್. ಚೋಕ್ ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗಿ ಮಿನುಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಲೇತಿನಲ್ಲಿ ಲೋಹದ ತುಂಡು ಹಿಡಿದು ತಿರುಗುವ ನಾಲ್ಕು ಹಲ್ಲಿನ ಚಕ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತು. ಅಂದರೆ ಪ್ರತಿ ಮಿನುಗಿಗೆ ಸರಿಯಾಗಿ ಕಾಲು ಸುತ್ತು. ಒಂದು ಹಲ್ಲು ಇದ್ದ ಜಾಗಕ್ಕೆ ಇನ್ನೊಂದು ಹಲ್ಲು ಬಂದು ನಿಂತಿರುತ್ತದೆ, ಚಕ್ ನಿಂತೇ ಬಿಟ್ಟಿದೆ ಎಂದು ಕಣ್ಣು ನಂಬಬಹುದು. ಕೈ ಹಾಕಿದರೆ ಮುಗಿಯಿತು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೇ ಪಕ್ಕಪಕ್ಕದ ಟ್ಯೂಬುಗಳನ್ನು ಮೂರು ಬೇರೆ ಬೇರೆ ಫೇಸಿಗೆ ಹಾಕುತ್ತಿದ್ದರು. ಒಂದು ಮಂಕಾದಾಗ ಇನ್ನೊಂದು ಬೆಳಗಲಿ ಎಂದು. ನಿಮ್ಮ ಸಣ್ಣ ಅಂಗಡಿಯಲ್ಲಿ ಆ ಉಪಾಯ ಬೇಡ, ಎರಡು ಫೇಸ್ ಕೈಗೆಟುಕುವ ದೂರದಲ್ಲಿ ಬರುತ್ತವೆ, ಅದು ಅಪಾಯ. ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ಹೀಗೆ ಮಿನುಗುವುದಿಲ್ಲ. ಅಗ್ಗದ್ದು ಮಿನುಗುತ್ತದೆ. ಕೊಳ್ಳುವಾಗಲೇ ಅಂಗಡಿಯಲ್ಲಿ ಉರಿಸಿ, ಅದರ ಕೆಳಗೆ ಒಂದು ಪೆನ್ಸಿಲನ್ನು ಜೋರಾಗಿ ಆಚೀಚೆ ಆಡಿಸಿ. ಪೆನ್ಸಿಲ್ ಮಸುಕು ಗೆರೆಯಾಗಿ ಕಂಡರೆ ಸರಿ. ಬಿಡಿಬಿಡಿಯಾಗಿ ನಾಲ್ಕಾರು ಪೆನ್ಸಿಲ್ ಕಂಡರೆ ಆ ದೀಪ ವಾಪಸ್ ಇಡಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಖರ್ಚಿನ ಲೆಕ್ಕ. 150 ವ್ಯಾಟ್ ಇದ್ದದ್ದು 40 ಆದರೆ ಉಳಿಯುವುದು 110. ದಿನಕ್ಕೆ ಹತ್ತು ಗಂಟೆ ಉರಿದರೆ 1.1 ಯೂನಿಟ್, ತಿಂಗಳಿಗೆ 25 ದಿನ ಹಿಡಿದರೆ 27.5 ಯೂನಿಟ್. ಅಂಗಡಿ ಮೀಟರಿಗೆ ಗೃಹಜ್ಯೋತಿ ಸಿಗುವುದಿಲ್ಲ, ಪ್ರತಿ ಯೂನಿಟ್ಟಿಗೂ ಕಾಸು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 220 ರೂಪಾಯಿ ಉಳಿಯಿತು. ನಿಮ್ಮ ಬೆಸ್ಕಾಂ ಬಿಲ್ಲಿನಲ್ಲಿರುವ ದರ ಹಾಕಿ ನೀವೇ ಗುಣಿಸಿ. ಎರಡು ಬ್ಯಾಟನ್, ಚೈನು, ವೈರು ಎಲ್ಲದರ ದುಡ್ಡು ಕೆಲವೇ ತಿಂಗಳಲ್ಲಿ ಹುಟ್ಟುತ್ತದೆ.

ಇನ್ನೊಂದು ಮಾತು, ಪುಕ್ಕಟೆ ಬೆಳಕಿನದು. ಚಳ್ಳಕೆರೆಯಲ್ಲಿ ಬಿಸಿಲಿಗೇನು ಬರವೇ? ಶೀಟುಗಳ ನಡುವೆ ಒಂದನ್ನು ತೆಗೆದು ಹಾಲುಬಣ್ಣದ ಪಾಲಿಕಾರ್ಬೊನೇಟ್ ಶೀಟು ಹಾಕಿಸಿ. ಉತ್ತರದ ಇಳಿಜಾರಿನಲ್ಲಿ ಹಾಕಿಸಿದರೆ ಸೆಕೆ ಕಡಿಮೆ. ಮೇಜಿನ ಹಿಂದಿನ ಗೋಡೆಗೆ ಸುಣ್ಣ ಬಳಿಯಿರಿ. ಆಮೇಲೆ ಹಗಲಲ್ಲಿ ಎಷ್ಟು ಹೊತ್ತು ಸ್ವಿಚ್ ಹಾಕುತ್ತೀರಿ ನೋಡೋಣ. ಅದಕ್ಕಾಗಿಯೇ ಎರಡು ಬ್ಯಾಟನ್ನಿಗೂ ಬೇರೆ ಬೇರೆ ಸ್ವಿಚ್ ಇರಲಿ, ಕೈಗೆ ಸಿಗುವಂತೆ ಮೇಜಿನ ಅಂಚಿಗೇ ಇರಲಿ. ಬಾಗಿಲ ಹಿಂದಿನ ಸ್ವಿಚ್ಚನ್ನು ಯಾರೂ ಆರಿಸುವುದಿಲ್ಲ.

ಪ್ರಶ್ನೆ: ಮೊಳಕಾಲ್ಮೂರಿನ ನೇಕಾರ ನಾನು. ಮಗ್ಗದ ಮೇಲೆ ಎಲ್‌ಇಡಿ ಹಾಕಿಸಿದ ಮೇಲೆ ಬೆಳಕು ಚೆನ್ನಾಗಿದೆ. ಆದರೆ ಮೆರೂನ್ ರೇಷ್ಮೆ ರಾತ್ರಿ ಒಂದು ಬಣ್ಣ, ಬೆಳಿಗ್ಗೆ ಬಾಗಿಲಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ. ಜರಿಯೂ ಕಣ್ಣು ಕುಕ್ಕುತ್ತದೆ.

ಉತ್ತರ: ಅಗ್ಗದ ಎಲ್‌ಇಡಿ ಕೆಂಪನ್ನು ಸರಿಯಾಗಿ ತೋರಿಸುವುದಿಲ್ಲ. ಅದರ ಬೆಳಕಿನಲ್ಲಿ ನೀಲಿ ಜಾಸ್ತಿ, ಗಾಢ ಕೆಂಪು ಕಡಿಮೆ. ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕಿ ಹುಡುಕಿ. ನೂರು ಎಂದರೆ ಬಣ್ಣ ಇದ್ದಂತೆ ಕಾಣುತ್ತದೆ. ಸಾಮಾನ್ಯವಾಗಿ 80 ಇರುತ್ತದೆ, ನಿಮಗೆ 90 ಅಥವಾ ಅದಕ್ಕಿಂತ ಮೇಲಿನದು ಬೇಕು. ಬೆಲೆ ಸ್ವಲ್ಪ ಜಾಸ್ತಿ, ಕೊಡಿ. ಒಂದು ಸೀರೆಯ ಬಣ್ಣ ತಪ್ಪಿದರೆ ಹೋಗುವುದು ಅದಕ್ಕಿಂತ ಎಷ್ಟೋ ಹೆಚ್ಚು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಅಂಗಡಿಗಳಲ್ಲಿ ಕೇಳದೆಯೇ ಕೊಡುವುದು 6500 ಕೆಲ್ವಿನ್‌ನ ನೀಲಿ ಬಿಳುಪು. 4000 ಕೆಲ್ವಿನ್‌ನದು ಕೇಳಿ ಪಡೆಯಿರಿ, ದಿನವಿಡೀ ಕೂರುವವರಿಗೆ ಅದು ಹಿತ ಎಂಬುದು ನನ್ನ ಅಭಿಪ್ರಾಯ. ಜರಿಯ ಹೊಳಪಿಗೆ ಹಾಲು ಗಾಜಿನಂಥ ಮುಚ್ಚಳ ಇರುವ ದೀಪ ಇರಲಿ, ನೇರ ನೆತ್ತಿಯಿಂದ ಸ್ವಲ್ಪ ಎಡಕ್ಕೆ ಸರಿಸಿ ಕಟ್ಟಿ. ಎಳೆಗಳ ಬಣ್ಣ ಹೊಂದಿಸುವುದನ್ನು ಮಾತ್ರ ಹಗಲಲ್ಲೇ ಮಾಡಿ.

ಪ್ರಶ್ನೆ: ಹಿರಿಯೂರಿನಲ್ಲಿ ಮರಗೆಲಸದ ಶೆಡ್ ಇದೆ. ಎಲ್‌ಇಡಿ ವರ್ಷಗಟ್ಟಲೆ ಬಾಳುತ್ತದೆ ಅಂತಾರೆ. ನನ್ನಲ್ಲಿ ಪ್ರತಿ ಬೇಸಿಗೆಗೂ ಒಂದೆರಡು ಹೋಗುತ್ತವೆ. ಶೀಟಿಗೇ ತಾಗಿಸಿ ಕಟ್ಟಿದ್ದೇನೆ.

ಉತ್ತರ: ಕಾರಣವನ್ನೂ ನೀವೇ ಬರೆದಿದ್ದೀರಿ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಕೈ ಇಟ್ಟು ನೋಡಿ. ಎಲ್‌ಇಡಿ ಚಿಪ್ ಅಷ್ಟು ಬೇಗ ಸಾಯುವುದಿಲ್ಲ, ಸಾಯುವುದು ಡ್ರೈವರಿನೊಳಗಿನ ಕೆಪಾಸಿಟರ್. ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂರು ನಾಲ್ಕು ಅಡಿ ಕೆಳಗೆ ತೂಗುಹಾಕಿ. ಮರದ ಹೊಟ್ಟು ಬೆನ್ನ ಮೇಲೆ ಕೂತರೂ ಬಿಸಿ ಹೊರಗೆ ಹೋಗುವುದಿಲ್ಲ, ಹಾಗಾಗಿ ಆಗಾಗ ಆರಿಸಿ ಒರೆಸಿ. ಮೇಲೆ ಲೇತ್ ಬಗ್ಗೆ ಹೇಳಿದ ಪೆನ್ಸಿಲ್ ಪರೀಕ್ಷೆ ನಿಮ್ಮ ಗರಗಸಕ್ಕೂ ಬೇಕು.

ಪ್ರಶ್ನೆ: ದಾವಣಗೆರೆ ವಿನೋಬನಗರದಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಸೂಜಿ ಕಾಣಲ್ಲ.

ಉತ್ತರ: ಕಪ್ಪು ಬಟ್ಟೆ ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಕೋಣೆಯ ದೀಪ ಹೆಚ್ಚಿಸಬೇಡಿ. ಸೂಜಿಯ ಪಕ್ಕ ಅಂಟಿಸುವ ಎರಡು ಮೂರು ವ್ಯಾಟಿನ ಮ್ಯಾಗ್ನೆಟ್ ದೀಪ ಹಾಕಿಕೊಳ್ಳಿ, ಎಡಗಡೆಯಿಂದ, ತಗ್ಗಿನಲ್ಲಿ. ಬೆಳಕು ಓರೆಯಾಗಿ ಬಿದ್ದರೆ ಹೊಲಿಗೆಯ ಉಬ್ಬು ನೆರಳಾಗಿ ಕಾಣುತ್ತದೆ.

ಪ್ರಶ್ನೆ: ಹೊಳಲ್ಕೆರೆಯಿಂದ. ವಾಚ್ ರಿಪೇರಿ ಮೇಜಿನ ಮೇಲಿನ ಎಲ್‌ಇಡಿ ಸ್ವಿಚ್ ಆರಿಸಿದರೂ ರಾತ್ರಿ ಮಿಣಮಿಣ ಉರಿಯುತ್ತದೆ. ದೀಪ ಕೆಟ್ಟಿದೆಯಾ?

ಉತ್ತರ: ದೀಪ ಚೆನ್ನಾಗಿದೆ. ಸ್ವಿಚ್ಚಿನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಜಿನುಗುವ ಕರೆಂಟೇ ಎಲ್‌ಇಡಿಗೆ ಸಾಕಾಗಬಹುದು. ಅದರಿಂದ ಅಪಾಯವಿಲ್ಲ. ಇಂಡಿಕೇಟರ್ ಇಲ್ಲದಿದ್ದರೆ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುವ ಅನುಮಾನ. ಆಗ ಸ್ವಿಚ್ ಆರಿಸಿದರೂ ದೀಪದ ತನಕ ಕರೆಂಟ್ ಬಂದು ನಿಂತಿರುತ್ತದೆ. ಈ ವಾರವೇ ಎಲೆಕ್ಟ್ರಿಷಿಯನ್ ಕರೆಸಿ ಟೆಸ್ಟರ್ ಹಿಡಿಸಿ. ಅಲ್ಲಿಯವರೆಗೆ ಆ ದೀಪ ಮುಟ್ಟುವ ಮೊದಲು ಮೇನ್ ಸ್ವಿಚ್ಚನ್ನೇ ಇಳಿಸಿ.