ಮಗನ ಸಂಬಳ, ಅಪ್ಪನ ಪಿಂಚಣಿ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದು ನಿವೃತ್ತನಾದವನು. ತಿಂಗಳಿಗೆ 42 ಸಾವಿರ ರೂಪಾಯಿ ಪಿಂಚಣಿ ಬರುತ್ತದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮಗನಿಗೆ ಕೈಗೆ 1.30 ಲಕ್ಷ ಸಂಬಳ ಸಿಗುತ್ತದೆ. ಫ್ಲ್ಯಾಟಿಗೆ 60 ಲಕ್ಷ, ಕಾರಿಗೆ 8 ಲಕ್ಷ ಸಾಲ ಮಾಡಿದ್ದಾನೆ. ಮೊಮ್ಮಗಳನ್ನು ಶಾಲೆಗೆ ಸೇರಿಸಿದ ವರ್ಷ ‘ಅಪ್ಪಾ, ಈ ತಿಂಗಳು ಸ್ವಲ್ಪ ಬಿಗಿ’ ಎಂದು ಕೇಳಲು ಆರಂಭಿಸಿದ. ಈಗ ಅವನು ಕೇಳುವುದೂ ಇಲ್ಲ, ತಿಂಗಳ ಮೊದಲ ವಾರದಲ್ಲಿ ನಾನೇ 15 ಸಾವಿರ ಕಳುಹಿಸಿಬಿಡುತ್ತೇನೆ. ಎರಡೂವರೆ ವರ್ಷದ ಹಿಂದೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟ 20 ಲಕ್ಷವನ್ನು ತೆಗೆದುಕೊಟ್ಟರೆ ಗೃಹಸಾಲದ ಕಂತು ಇಳಿಸಿಕೊಳ್ಳುತ್ತೇನೆ, ಆಮೇಲೆ ತಿಂಗಳ ಹಣ ಬೇಡ ಎಂದು ಈಗ ಹೇಳುತ್ತಿದ್ದಾನೆ. ‘ಇರುವುದೆಲ್ಲ ಅವನಿಗೇ ತಾನೆ’ ಎನ್ನುವುದು ನನ್ನ ಹೆಂಡತಿಯ ವಾದ. ಅವಳ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಎರಡು ಬಾರಿ ಮುಂದೂಡಿದ್ದೇವೆ. ಮಗನಿಗೆ ಇಲ್ಲವೆಂದರೆ ತಪ್ಪಾಗುತ್ತದೆಯೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಉತ್ತರ: ಖಂಡಿತ ತಪ್ಪಾಗುವುದಿಲ್ಲ. ಆ 20 ಲಕ್ಷವನ್ನು ದಯವಿಟ್ಟು ಮುಟ್ಟಬೇಡಿ.

ಲೆಕ್ಕದ ಮೇಲೆ ನೋಡಿದರೆ ನಿಮ್ಮ ಮಗನ ಮಾತು ಸರಿಯೆಂದೇ ತೋರುತ್ತದೆ. ಅವನ ಗೃಹಸಾಲದ ಬಡ್ಡಿ ಶೇ 8.5 ಎಂದಿಟ್ಟುಕೊಂಡರೆ ನಿಮ್ಮ ಠೇವಣಿಗೆ ಬರುತ್ತಿರುವುದು ಶೇ 8.2, ಕಡಿಮೆ ಬಡ್ಡಿಯ ಹಣ ತೆಗೆದು ಹೆಚ್ಚು ಬಡ್ಡಿಯ ಸಾಲ ತೀರಿಸುವುದು ಜಾಣತನವೆಂದು ಯಾರಾದರೂ ಹೇಳಿಯಾರು. ಆದರೆ ಠೇವಣಿ ನಿಮ್ಮದು, ಸಾಲ ಅವನದು, ಫ್ಲ್ಯಾಟು ಅವನ ಹೆಸರಿನಲ್ಲಿದೆ. ಆ ಠೇವಣಿಯಿಂದ ಮೂರು ತಿಂಗಳಿಗೊಮ್ಮೆ ನಿಮಗೆ ಬರುವ 41 ಸಾವಿರ ರೂಪಾಯಿ ಬಡ್ಡಿ ಮರುದಿನದಿಂದಲೇ ನಿಲ್ಲುತ್ತದೆ, ಐದು ವರ್ಷದ ಅವಧಿಗೆ ಮೊದಲೇ ಮುರಿಸುವುದರಿಂದ ಅಸಲಿನಲ್ಲಿ ಶೇ 1ರಷ್ಟು, ಅಂದರೆ 20 ಸಾವಿರ ಕಡಿತವೂ ಆಗುತ್ತದೆ. ಪಿಂಚಣಿಯೊಂದನ್ನೇ ನಂಬಿ ಕುಳಿತ ಮನೆಯಲ್ಲಿ ಯಾರಿಗಾದರೂ ತುರ್ತು ಚಿಕಿತ್ಸೆ ಬೇಕಾದರೆ, ಫ್ಲ್ಯಾಟಿನಲ್ಲಿ ಹುಗಿದ ಹಣವನ್ನು ಮಗ ಮನಸ್ಸು ಮಾಡಿದರೂ ಒಂದು ವಾರದಲ್ಲಿ ಹೊರತೆಗೆಯಲಾರ.

ಇನ್ನು ಅವನ ಮನೆಯ ಲೆಕ್ಕ. 60 ಲಕ್ಷದ ಸಾಲಕ್ಕೆ 20 ವರ್ಷದ ಅವಧಿಯಾದರೆ ಕಂತು ಸುಮಾರು 52 ಸಾವಿರ. 8 ಲಕ್ಷದ ಕಾರಿನ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷವಾದರೆ 16,600ರ ಆಸುಪಾಸು. ಸಂಬಳ ಬಂದ ದಿನವೇ ಅರ್ಧಕ್ಕಿಂತ ಹೆಚ್ಚು ಹಣ ಬ್ಯಾಂಕಿಗೆ ಹೋಗಿಬಿಡುತ್ತದೆ. ಉಳಿದ 61 ಸಾವಿರದಲ್ಲಿ ಶಾಲೆಯ ಶುಲ್ಕ, ಅಪಾರ್ಟ್‌ಮೆಂಟಿನ ನಿರ್ವಹಣಾ ವೆಚ್ಚ, ಪೆಟ್ರೋಲು, ದಿನಸಿ ಎಲ್ಲವೂ ಆಗಬೇಕು. ಬೆಂಗಳೂರಿನ ಬದುಕು ದುಬಾರಿ, ನಿಜ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಭಾವಿಸುವುದಿಲ್ಲ. ಆದರೆ ನೀವು ಕಳುಹಿಸುವ 15 ಸಾವಿರ ಈಗ ಅವನ ಲೆಕ್ಕದಲ್ಲಿ ಆದಾಯವಾಗಿ ಸೇರಿಹೋಗಿದೆ. ಹೆಚ್ಚುಕಡಿಮೆ ಕಾರಿನ ಕಂತಿನಷ್ಟೇ ಇರುವ ಆ ಮೊತ್ತ ಬರುತ್ತಲೇ ಇರುವವರೆಗೆ, ಈ ಕಾರು ತನ್ನ ಸಂಬಳಕ್ಕೆ ಹೊರೆಯೆಂಬುದು ಅವನ ಅರಿವಿಗೆ ಬರುವ ಸಂದರ್ಭವೇ ಒದಗುವುದಿಲ್ಲ. ನಿಮ್ಮ 20 ಲಕ್ಷದಿಂದ ಗೃಹಸಾಲದ ಕಂತು 35 ಸಾವಿರಕ್ಕೆ ಇಳಿದರೂ, ಈಗಿನ ಖರ್ಚಿನ ರೀತಿ ಬದಲಾಗದಿದ್ದರೆ, ಒಂದೆರಡು ವರ್ಷದಲ್ಲಿ ಮತ್ತೆ ಕೈ ಬಿಗಿಯಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಮಗನ ಸಂಬಳ, ಸಾಲ ಎಲ್ಲದರ ಅಂಕಿ ನಿಮಗೆ ಬಾಯಿಪಾಠವಿದೆ. ನಿಮ್ಮ ಪಿಂಚಣಿ ಎಷ್ಟು, ಔಷಧಿಗೆ ಎಷ್ಟಾಗುತ್ತದೆ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಏಕೆ ನಿಂತಿದೆ ಎಂಬುದನ್ನು ಅವನಿಗೆ ಹೇಳಿದ್ದಾಗಿ ಮಾತ್ರ ನೀವು ಎಲ್ಲಿಯೂ ಬರೆದಿಲ್ಲ. ನಮ್ಮ ಕಡೆಯ ತಂದೆ ತಾಯಂದಿರು ‘ನಮಗೇನಪ್ಪಾ ಖರ್ಚು, ಎರಡು ಹೊತ್ತು ಊಟ’ ಎಂದು ಫೋನಿನಲ್ಲಿ ಹೇಳಿಬಿಡುತ್ತಾರೆ, ಮಕ್ಕಳು ಅದನ್ನು ಹಾಗೆಯೇ ನಂಬುತ್ತಾರೆ. ಅಪ್ಪನ ಬಳಿ ಹಣ ಸುಮ್ಮನೆ ಬಿದ್ದಿದೆ ಎಂದುಕೊಂಡ ಮಗ ಅದನ್ನು ಕೇಳಿದರೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಮುಂದಿನ ಬಾರಿ ಅವನು ಊರಿಗೆ ಬಂದಾಗ ಪಾಸ್‌ಬುಕ್ಕನ್ನು, ಔಷಧಿ ಅಂಗಡಿಯ ಬಿಲ್ಲುಗಳನ್ನು, ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟು, ಸೊಸೆಯನ್ನೂ ಕೂರಿಸಿಕೊಂಡು, ದನಿ ಏರಿಸದೆ ಎಲ್ಲವನ್ನೂ ಹೇಳಿ. ತಿಂಗಳ ಹಣವನ್ನು ಒಮ್ಮೆಲೇ ನಿಲ್ಲಿಸಿದರೆ ಅವನು ಕ್ರೆಡಿಟ್ ಕಾರ್ಡಿಗೆ ಕೈಹಾಕಿಯಾನು, ಅದರ ಬಡ್ಡಿ ವರ್ಷಕ್ಕೆ ಶೇ 40ರ ಹತ್ತಿರ ಹೋಗುತ್ತದೆ. ಆದ್ದರಿಂದ ಮೂರು ತಿಂಗಳು 10 ಸಾವಿರ, ಇನ್ನು ಮೂರು ತಿಂಗಳು 5 ಸಾವಿರ, ಅಲ್ಲಿಗೆ ಮುಗಿಯಿತು ಎಂದು ತಾರೀಖು ಸಹಿತ ತಿಳಿಸಿ. ಅಷ್ಟರೊಳಗೆ ಕಾರು ಮಾರುವುದೋ, ಬ್ಯಾಂಕಿನವರನ್ನು ಕೇಳಿ ಸಾಲದ ಅವಧಿ ಹೆಚ್ಚಿಸಿಕೊಳ್ಳುವುದೋ ಅವನ ತೀರ್ಮಾನ. ಮೊಮ್ಮಗಳ ಹುಟ್ಟುಹಬ್ಬಕ್ಕೆ, ಯುಗಾದಿಗೆ ಪ್ರೀತಿಯಿಂದ ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ.

‘ಇರುವುದೆಲ್ಲ ಅವನಿಗೇ’ ಎನ್ನುವ ನಿಮ್ಮ ಪತ್ನಿಯವರ ಮಾತಿನಲ್ಲಿ ಮಮತೆಯಿದೆ, ಗೌರವಿಸುತ್ತೇನೆ. ಅದು ನಿಮ್ಮಿಬ್ಬರ ಕಾಲಾನಂತರದ ಮಾತಾಗಿರಲಿ. ಕಾನೂನಿನಲ್ಲಿಯೂ, ದುಡಿಯಬಲ್ಲ ವಯಸ್ಕ ಮಗನನ್ನು ಸಾಕುವ ಹೊಣೆ ತಂದೆಗಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ತಮ್ಮನ್ನು ತಾವು ನೋಡಿಕೊಳ್ಳಲಾಗದ ಹೆತ್ತವರ ಪೋಷಣೆಯನ್ನು ಮಕ್ಕಳ ಮೇಲೆ ಹೊರಿಸಿದೆ. ಮುಂದೆ ಊರಿನ ಮನೆಯನ್ನು ಬರೆದುಕೊಡುವ ಮಾತು ಬಂದರೆ, ಕೊನೆಯವರೆಗೆ ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತು ದಾನಪತ್ರದಲ್ಲಿಯೇ ಇರಲಿ. ಆ ಷರತ್ತಿಲ್ಲದ ಪತ್ರವನ್ನು ಅದೇ ಕಾಯ್ದೆಯ 23ನೇ ಸೆಕ್ಷನ್ ಅಡಿ ರದ್ದು ಮಾಡಲಾಗದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ಅವನ ಹೊಸ ಸಾಲಕ್ಕೆ ಜಾಮೀನು ಹಾಕುವ ಮುನ್ನವೂ ಯೋಚಿಸಿ. ಸಾಲಗಾರ ಕಟ್ಟದಿದ್ದರೆ ಬ್ಯಾಂಕು ಜಾಮೀನುದಾರನಿಂದ ಪೂರ್ತಿ ಮೊತ್ತ ವಸೂಲು ಮಾಡಬಹುದು.

ಇವೆಲ್ಲಕ್ಕೂ ಮೊದಲು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಸಿ. ಈ ತಿಂಗಳ 15 ಸಾವಿರ ಅದಕ್ಕೆ ಮೀಸಲಾಗಲಿ, ಕಾರಣವನ್ನು ಮಗನಿಗೆ ಇದ್ದದ್ದು ಇದ್ದಂತೆ ತಿಳಿಸಿ.

ಪ್ರಶ್ನೆ: ನನಗೆ 28 ವರ್ಷ, ಸಂಬಳ 70 ಸಾವಿರ. ನನ್ನ ಪಿ.ಜಿ. ಬಾಡಿಗೆಯನ್ನು ಈಗಲೂ ಅಪ್ಪನೇ ಕಟ್ಟುತ್ತಾರೆ. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ. ಏನು ಮಾಡಲಿ?
— ಹುಬ್ಬಳ್ಳಿಯ ಓದುಗರು

ಉತ್ತರ: ಬಾಡಿಗೆಯನ್ನು ಈ ತಿಂಗಳಿನಿಂದ ನೀವೇ ಕಟ್ಟಿ, ರಸೀದಿಯನ್ನು ಅಪ್ಪನಿಗೆ ಕಳುಹಿಸಿ. ಕೊಟ್ಟೇ ತೀರುತ್ತೇನೆ ಎಂದು ಅವರು ಹಟ ಹಿಡಿದರೆ, ಆ ಹಣದಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸಿ, ಕಡಿಮೆ ಬಿದ್ದದ್ದನ್ನು ನೀವು ಸೇರಿಸಿ. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವುಗಳ ಚಿಕಿತ್ಸಾ ವೆಚ್ಚಕ್ಕೆ ವಿಮಾ ಕಂಪನಿಗಳು 3 ವರ್ಷದವರೆಗೆ ಕಾಯಿಸಬಹುದು, ವಯಸ್ಸು ಏರಿದಂತೆ ಕಂತೂ ಏರುತ್ತದೆ. ಆದ್ದರಿಂದ ಈ ವರ್ಷವೇ ಮಾಡಿಸುವುದು ಒಳ್ಳೆಯದು. ಅರ್ಜಿಯಲ್ಲಿ ಅವರ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ.