ಶಿರಸಿಯಲ್ಲಿದ್ದುಕೊಂಡೇ ಸಿಗರೇಟು, ವೇಪ್ ಬಿಡಲು ಯಾರ ನೆರವು ಸಿಗುತ್ತದೆ?

ಸಿಗರೇಟಿನ ಜೊತೆಗೆ ವೇಪ್ (ಇ-ಸಿಗರೇಟು) ಕೂಡ ಅಂಟಿಕೊಂಡಿದೆ, ಮನೆಯವರಿಗೆ ತಿಳಿಯದಂತೆ ಶಿರಸಿಯಲ್ಲಿ ಯಾರನ್ನು ಕೇಳಲಿ ಎಂದಿದ್ದೀರಿ. ನಾನೂ ಶಿರಸಿ ಕಡೆಯವನೇ, ವರ್ಷಗಟ್ಟಲೆ ಸೇದಿ ಬಿಟ್ಟವನು. ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಇಲ್ಲಿ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನೆಂಟರೊಬ್ಬರಾದರೂ ನಿಂತಿರುತ್ತಾರೆ.

ಆದ್ದರಿಂದ ಮೊದಲ ಮಾತು ಫೋನಿನಲ್ಲೇ ಆಗಲಿ. ಸಿಗರೇಟು ಪ್ಯಾಕಿನ ಮೇಲೆ 2018ರಿಂದ ಅಚ್ಚಾಗುತ್ತಿರುವ 1800-11-2356 ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನಿನ, ಅಂದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿಯ ಸಂಖ್ಯೆ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸೋಮವಾರ ಬಿಟ್ಟು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ. ಬಿಡುವ ದಿನವನ್ನು ನಿಮ್ಮ ಜೊತೆ ಕುಳಿತಂತೆ ಗೊತ್ತುಮಾಡಿ, ಆಮೇಲೆ ಅವರೇ ಕರೆ ಮಾಡಿ ವಿಚಾರಿಸುತ್ತಾರೆ. ಅಪರಾತ್ರಿಯಲ್ಲಿ ಮನಸ್ಸು ಕಳವಳಗೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ.

ಔಷಧ ಬೇಕೆನಿಸಿದರೆ ವೈದ್ಯರನ್ನು ಕಾಣಿ. ಶಿರಸಿಯ ಪಂಡಿತ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಇರುತ್ತಾರೆಂದು ಕೇಳಿಕೊಳ್ಳಿ. ಊರಿನಲ್ಲಿ ಬೇಡವೆಂದರೆ ದೇವಿಮನೆ ಘಟ್ಟ ಇಳಿದು ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ವೇಪ್ ವಿಷಯ ಮುಚ್ಚಿಡಬೇಡಿ. 2019ರ ಕಾಯ್ದೆ ಅದರ ತಯಾರಿಕೆ, ಮಾರಾಟ, ಜಾಹೀರಾತನ್ನು ನಿಷೇಧಿಸಿದೆ. ಆದರೂ ಚಿಕಿತ್ಸೆ ಕೇಳಿ ಬಂದವರನ್ನು ವೈದ್ಯರು ಪೊಲೀಸರಿಗೆ ಒಪ್ಪಿಸುವುದಿಲ್ಲ. ಚಟ ಹಿಡಿಸುವ ನಿಕೋಟಿನ್ ದಿನಕ್ಕೆ ಎಷ್ಟು ಒಳಗೆ ಹೋಗುತ್ತಿದೆ ಎಂಬ ಅಂದಾಜು ಸಿಕ್ಕರೆ ಮಾತ್ರ ಔಷಧದ ಸರಿಯಾದ ಪ್ರಮಾಣ ಬರೆದುಕೊಡಲು ಸಾಧ್ಯ.

ಸಿಗರೇಟಿನ ಬದಲಿಗೆ ಜಗಿಯುವ ನಿಕೋಟಿನ್ ಗಮ್ ಕೊಟ್ಟರೆ ಅದನ್ನು ಕವಳದಂತೆ (ಎಲೆ-ಅಡಿಕೆಯಂತೆ) ಒಂದೇ ಸಮನೆ ಜಗಿಯಬಾರದು. ನಾಲಿಗೆ ಚುರುಗುಟ್ಟುವವರೆಗೆ ನಿಧಾನವಾಗಿ ಜಗಿದು, ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ ಬೇಡ, ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಕವಳದ ಮಾತು ಬಂತಲ್ಲ, ನನಗೆ ಹೆಚ್ಚು ಭಯವಿರುವುದು ಅಲ್ಲಿಯೇ. ನಮ್ಮ ಕಡೆ ಸಿಗರೇಟು ಬಿಟ್ಟವರ ಕೈ ಜಗುಲಿಯ ಕವಳದ ತಟ್ಟೆಗೆ ಹೋಗುತ್ತದೆ, ಹಿರಿಯರೂ ‘ಅದಕ್ಕಿಂತ ಇದು ವಾಸಿ’ ಎನ್ನುತ್ತಾರೆ. ತಂಬಾಕಿನ ಎಸಳು ಸೇರಿದ ಕವಳದಿಂದ ಅದೇ ನಿಕೋಟಿನ್ ರಕ್ತಕ್ಕೆ ಹೋಗುತ್ತದೆ, ಚಟ ಎಲ್ಲಿಯೂ ಹೋಗಿರುವುದಿಲ್ಲ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಹೇಳಲು ಕಷ್ಟವಾದರೂ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಗುರುತಿಸಿದೆ. ಕವಳ ಹಾಕುವ ಅಭ್ಯಾಸವಿದ್ದರೆ ಕ್ವಿಟ್‌ಲೈನಿನವರಿಗೆ ಅದನ್ನೂ ಸೇರಿಸಿ ಹೇಳಿ.

ಮನೆಯವರಿಗೆ ತಿಳಿಯಬಾರದು ಎಂಬುದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲರಿಗೂ ಬೇಡ, ಅಕ್ಕನಿಗೋ ಅತ್ತಿಗೆಗೋ, ನಂಬಿಕೆಯ ಒಬ್ಬರಿಗೆ ಹೇಳಿ. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ನಿದ್ದೆಗೇಡು ಎಲ್ಲಕ್ಕಿಂತ ಜೋರಾಗಿರುತ್ತವೆ, ಪೂರ್ತಿ ತಗ್ಗಲು ಕೆಲವು ವಾರ ಬೇಕು. ಆಗ ನೀವು ಸುಮ್ಮಸುಮ್ಮನೆ ಯಾರ ಮೇಲಾದರೂ ರೇಗಿದರೆ, ಕಾರಣ ಗೊತ್ತಿದ್ದು ಸಮಾಧಾನ ಮಾಡುವವರು ಒಬ್ಬರಾದರೂ ಮನೆಯಲ್ಲಿರಬೇಕು.