ಭೂತಾನಕ್ಕೆ ಹೊರಟು ನಿಂತ ತಂಗಿಗೆ

ನಮಸ್ಕಾರ ತಂಗಿ. ಹಾವೇರಿಯಲ್ಲಿ ಬಿ.ಎಡ್. ಮುಗಿಸಿದ್ದೀರಿ, ಭೂತಾನದ ಸರ್ಕಾರಿ ಶಾಲೆಯಲ್ಲಿ ಫಿಸಿಕ್ಸ್ ಕಲಿಸುವ ಕಾಂಟ್ರ್ಯಾಕ್ಟ್ ಕೈಗೆ ಬಂದಿದೆ. "ಅದು ಸಂತೋಷದ ದೇಶ ಅಂತಾರಲ್ರೀ ಸರ್, ಖರೇನಾ? ದುಡ್ಡು ಉಳಿಯುತ್ತಾ?" ಎಂದು ಕೇಳಿದ್ದೀರಿ. ನಾನು ಧಾರವಾಡದ ಕಡೆಯವನು. ಪೂರ್ವ ಭೂತಾನದ ತ್ರಾಶಿಗಾಂಗ್ ಜಿಲ್ಲೆಯಲ್ಲಿ ಗಣಿತ ಕಲಿಸುತ್ತ 22 ವರ್ಷ ಕಳೆದಿದ್ದೇನೆ.

ಸಂತೋಷದ ದೇಶ ಎಂದರೆ ಎಲ್ಲರೂ ನಗುನಗುತ್ತ ಓಡಾಡುವ ಊರು ಎಂದುಕೊಂಡು ಬರಬೇಡಿ. ಇಲ್ಲಿಯೂ ಸಾಲವಿದೆ, ಕುಡಿತವಿದೆ, ಫೇಲಾಗಿ ಅಳುವ ಮಕ್ಕಳಿದ್ದಾರೆ. ನಾಲ್ಕನೇ ಅರಸ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ 1972ರಲ್ಲಿ ಗದ್ದುಗೆಗೆ ಬಂದಾಗ ಅವರಿಗೆ ಬರೀ ಹದಿನಾರು ವರ್ಷ. ದೇಶದ ಒಟ್ಟು ಉತ್ಪನ್ನಕ್ಕಿಂತ ಒಟ್ಟು ಸಂತೋಷ ಮುಖ್ಯ ಎಂದು ಅವರು ಹೇಳಿದ್ದು ಆ ದಶಕದಲ್ಲಿ. 2008ರ ಸಂವಿಧಾನದಲ್ಲಿ ಅದು ಸರ್ಕಾರದ ಹೊಣೆಯಾಗಿ ಸೇರಿತು. ಜನರನ್ನು ನಗಿಸುವ ಹೊಣೆಯಲ್ಲ ಅದು. ಜನ ನೆಮ್ಮದಿಯಿಂದ ಬದುಕಲು ಬೇಕಾದದ್ದನ್ನು ಒದಗಿಸಲು ಶ್ರಮಿಸುವ ಹೊಣೆ.

ಇದು ನನಗೆ ಅರ್ಥವಾಗಿದ್ದು 2015ರಲ್ಲಿ, ನಮ್ಮ ಮನೆಯೊಡತಿಯ ಅಡುಗೆಮನೆಯಲ್ಲಿ. ಸಂತೋಷದ ಸಮೀಕ್ಷೆಯವರು ಬಂದು ಗಂಟೆಗಟ್ಟಲೆ ಕೂತಿದ್ದರು. ಆದಾಯ, ದನಕರು, ಜಮೀನು ಎಲ್ಲ ಕೇಳಿದರು. ಆಮೇಲೆ, ನಿನ್ನೆ ಎಷ್ಟು ಹೊತ್ತು ಕೆಲಸ ಮಾಡಿದಿರಿ, ಎಷ್ಟು ಹೊತ್ತು ಮಲಗಿದಿರಿ ಎಂದರು. ಕಾಯಿಲೆ ಬಿದ್ದರೆ ನೆಚ್ಚಿಕೊಳ್ಳಬಹುದಾದವರು ಎಷ್ಟು ಮಂದಿ ಎಂದರು. ಆಕೆ ಬೆರಳು ಮಡಚುತ್ತ ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಎರಡೂ ಕೈಯ ಬೆರಳು ಮುಗಿದವು. ನನ್ನನ್ನೂ ಎಣಿಸಿದರು! ಪರದೇಶದ ಬಾಡಿಗೆಯವನನ್ನು. ನಿದ್ದೆಯನ್ನೂ ನೆರೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸರ್ಕಾರವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಈ ದೇಶದ ಮೇಲಿನ ನನ್ನ ಗೌರವದ ಬೇರು ಅಲ್ಲಿದೆ.

ಇನ್ನೊಂದು ಹೇಳಬೇಕು. ನಮ್ಮವ್ವ ತೀರಿಕೊಂಡದ್ದು ಒಂದು ಜುಲೈನಲ್ಲಿ. ಮಳೆಗೆ ಗುಡ್ಡ ಕುಸಿದು ಗಡಿಯ ರಸ್ತೆ ಬಂದ್ ಆಗಿತ್ತು. ಊರು ಮುಟ್ಟಿದಾಗ ನಾಲ್ಕನೇ ದಿನ, ಮಣ್ಣು ಕೊಟ್ಟಾಗಿತ್ತು. ಆದರೆ ರಸ್ತೆ ತೆರೆಯಲೆಂದು ಕಾಯುತ್ತ ಇಲ್ಲೇ ಕೂತಿದ್ದ ಆ ಎರಡು ರಾತ್ರಿ ನಾನು ಒಬ್ಬನೇ ಇರಲಿಲ್ಲ. ನೆರೆಹೊರೆಯವರು ಅಕ್ಕಿ, ಬೆಣ್ಣೆ, ಲಕೋಟೆಯಲ್ಲಿ ಹಣ ತಂದರು. ಸಾವಿನ ಮನೆಗೆ ಹೀಗೆ ಕೊಡುವುದಕ್ಕೆ ಇಲ್ಲಿ ಸೆಮ್ಸೊ ಎನ್ನುತ್ತಾರೆ. ಅವ್ವನ ಮುಖವನ್ನೇ ಕಾಣದವರು ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿ, ಆಕೆಯ ಹೆಸರಿನಲ್ಲಿ ಬೆಣ್ಣೆಯ ದೀಪ ಹಚ್ಚಿದರು. ಸತ್ತವರಿಗಾಗಿ ಇಲ್ಲಿ ಪೂಜೆ ಮಾಡುವ ನಲವತ್ತೊಂಬತ್ತನೇ ದಿನವನ್ನು ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ.

ಇಂಥ ಬಂಧ ಬಂದ ಕೂಡಲೇ ಸಿಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತಲ್ಲ, ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು, ಅದೇ ಲೆಕ್ಕ. ಕರೆದಾಗ ಹೋಗಿ. ಮದುವೆಗೆ, ಪೂಜೆಗೆ, ಮನೆ ಕಟ್ಟುವ ಕೆಲಸಕ್ಕೆ ಹೋಗಿ. ಶಾಲೆ ಬಿಟ್ಟ ಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಫೋನ್ ನೋಡುತ್ತ ಕೂತವರು ಒಂದೇ ವರ್ಷಕ್ಕೆ ವಾಪಸ್ ಹೋದದ್ದನ್ನು ನೋಡಿದ್ದೇನೆ.

ದುಡ್ಡಿನ ವಿಷಯ. ಇಲ್ಲಿನ ಹಣ ನ್ಗುಲ್ಟ್ರಮ್, ನಮ್ಮ ರೂಪಾಯಿಗೆ ಸರಿಸಮ. ಖರ್ಚು ಕಡಿಮೆ, ಆದ್ದರಿಂದ ಉಳಿಯುತ್ತದೆ, ಆದರೆ ಗಲ್ಫಿನ ಲೆಕ್ಕ ಹಾಕಬೇಡಿ. ಜಮೀನು ಕೊಳ್ಳುವ ಹಾಗಿಲ್ಲ, ಕಾಂಟ್ರ್ಯಾಕ್ಟ್ ನವೀಕರಣಕ್ಕೆ ಪ್ರತಿ ಸಲ ಕಾಯಬೇಕು.

ಇಲ್ಲಿನ ಎಳೆಯರಿಗೂ ದುಡ್ಡಿನ ಕೊರಗು ಇದೆ. ಒಳ್ಳೆಯ ಶಿಕ್ಷಕರು, ನರ್ಸುಗಳು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ನಾನೇ ಕಲಿಸಿದ ಹುಡುಗರು ಪರ್ತ್‌ನಿಂದ ಫೋನ್ ಮಾಡುತ್ತಾರೆ. ಖಾಲಿ ಬಿದ್ದ ಕುರ್ಚಿಗಳಿಗೆ ನಿಮ್ಮಂಥವರು ಬೇಕಾಗಿದ್ದಾರೆ. ಹೊಟ್ಟೆಪಾಡು ಕಷ್ಟವಾದಾಗ ಸಂತೋಷದ ಮಾತು ಎಳೆಯರನ್ನು ಹಿಡಿದು ನಿಲ್ಲಿಸುವುದಿಲ್ಲ. ಇದನ್ನು ಇಲ್ಲಿನವರೇ ಈಗ ಗಟ್ಟಿಯಾಗಿ ಹೇಳುತ್ತಿದ್ದಾರೆ. ಮುಚ್ಚಿಡದೆ ಹೇಳಿಕೊಳ್ಳುತ್ತಾರೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಒಂದು ಕಪ್ಪು ಅಧ್ಯಾಯವೂ ಇದೆ. 1990ರ ದಶಕದಲ್ಲಿ ದಕ್ಷಿಣದ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯಿತು. ವರ್ಷಗಟ್ಟಲೆ ನೇಪಾಳದ ಶಿಬಿರಗಳಲ್ಲಿದ್ದು, ಕೊನೆಗೆ ಹೆಚ್ಚಿನವರು ಅಮೆರಿಕ ಮೊದಲಾದ ಕಡೆ ಸೇರಿದರು. ಈ ದೇಶವನ್ನು ಪ್ರೀತಿಸುವ ನಾನು ಇದನ್ನು ಬಿಟ್ಟು ಹೇಳಿದರೆ ನಿಮಗೆ ಮೋಸ ಮಾಡಿದಂತೆ.

ಹಾಗಿದ್ದೂ ಏಕೆ ಇಲ್ಲೇ ಇದ್ದೇನೆ? ಚಿಕಿತ್ಸೆಗೆ ಬಡವ ಹೊಲ ಮಾರುವುದಿಲ್ಲ. ಇಲ್ಲಿ ಚಿಕಿತ್ಸೆ ಆಗದ ಕಾಯಿಲೆಗೆ ಸರ್ಕಾರವೇ ಖರ್ಚು ಕೊಟ್ಟು ಭಾರತದ ಆಸ್ಪತ್ರೆಗಳಿಗೆ ಕಳಿಸುತ್ತದೆ. ನೂರಕ್ಕೆ ಅರವತ್ತರಷ್ಟು ನೆಲ ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು ಸಂವಿಧಾನದಲ್ಲಿದೆ, ವಾಸ್ತವದಲ್ಲಿ ಸುಮಾರು ಎಪ್ಪತ್ತರಷ್ಟಿದೆ. ಫೋಬ್ಜಿಖಾ ಕಣಿವೆಗೆ ಚಳಿಗಾಲದಲ್ಲಿ ಕಪ್ಪು ಕತ್ತಿನ ಕೊಕ್ಕರೆಗಳು ಬರುತ್ತವೆ. ಅವುಗಳ ರೆಕ್ಕೆಗೆ ತಾಗಬಾರದೆಂದು ಅಲ್ಲಿ ಕರೆಂಟಿನ ತಂತಿಯನ್ನು ನೆಲದಡಿ ಹಾಕಿದರು. ಒಮ್ಮೆ ಹೋಗಿ ನೋಡಿ.

ಶಾಲೆ ನಿಮಗೆ ಹಿಡಿಸುತ್ತದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ದೇಶದ ಭಾಷೆ ಜೊಂಗ್ಖಾ ಒಂದು ವಿಷಯ. ಗಂಡುಮಕ್ಕಳು ಘೋ, ಹೆಣ್ಣುಮಕ್ಕಳು ಕಿರಾ ಎಂಬ ಇಲ್ಲಿನ ಉಡುಪು ತೊಟ್ಟು ಸಾಲಾಗಿ ನಿಂತು, ಬೌದ್ಧರ ಜ್ಞಾನದ ದೇವತೆ ಮಂಜುಶ್ರೀಯ ಪ್ರಾರ್ಥನೆ ಹೇಳುತ್ತಾರೆ. ಪ್ರತಿ ಮಾತಿನ ಕೊನೆಗೆ "ಲಾ" ಸೇರಿಸುತ್ತಾರೆ. ನಮ್ಮ "ರೀ" ಇದ್ದ ಹಾಗೆ, ಅಷ್ಟೇ ಮರ್ಯಾದೆ, ಅಷ್ಟೇ ಸಲಿಗೆ. "ಗುಡ್ ಮಾರ್ನಿಂಗ್ ಸರ್ ಲಾ" ಎಂದು ಮೊದಲ ದಿನ ಕೇಳಿದಾಗ ನನಗೆ ಊರಿನ ಓಣಿ ನೆನಪಾಗಿತ್ತು.

ಊಟಕ್ಕೆ ಹೆದರಬೇಡಿ. ನಮ್ಮ ಪೂರ್ವದ ಖರಾಂಗ್ ಎಂದರೆ ಗೋವಿನಜೋಳದ ನುಚ್ಚು. ಎಮಾ ದತ್ಸಿಯಲ್ಲಿ ಮೆಣಸಿನಕಾಯಿಯೇ ತರಕಾರಿ, ಜೊತೆಗೆ ಚೀಸ್. ಬ್ಯಾಡಗಿ ಸೀಮೆಯವರಿಗೆ ಖಾರದ ಮಾತು ಹೇಳಬೇಕೇ? ಊಟದ ಮೇಲೆ ಎಲೆ, ಅಡಿಕೆ, ಸುಣ್ಣ ಕೊಟ್ಟರೆ ಎರಡೂ ಕೈ ಒಡ್ಡಿ ತೆಗೆದುಕೊಳ್ಳಿ, ಅದಕ್ಕೆ ಡೋಮಾ ಎನ್ನುತ್ತಾರೆ.

ಗುವಾಹಟಿಗೆ ಬಂದು ಸಮ್ದ್ರುಪ್ ಜೋಂಖರ್ ಗಡಿಯಿಂದ ಒಳಗೆ ಬನ್ನಿ. ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಕೈಯಲ್ಲೇ ಇರಲಿ. ಅಲ್ಲಿಂದ ಇಡೀ ದಿನ ತಿರುವಿನ ದಾರಿ, ವಾಂತಿಗೆ ಮಾತ್ರೆ ಇಟ್ಟುಕೊಳ್ಳಿ. ನೀವು ಬರುವ ವಿಷಯವನ್ನು ಮನೆಯೊಡತಿಗೆ ಹೇಳಿದೆ. ಹುಡುಗಿ ಒಬ್ಬಳೇ ಬರುತ್ತಾಳಾ ಎಂದು ಎರಡು ಸಲ ಕೇಳಿದರು. ಮೇಲಿನ ಕೋಣೆಯ ಬುಖಾರಿಯ, ಅಂದರೆ ಚಳಿ ಕಾಯಿಸುವ ಸೌದೆ ಒಲೆಯ, ಬೂದಿ ತೆಗೆದು, ಸೌದೆ ಒಟ್ಟಿ ಇಟ್ಟಿದ್ದಾರೆ.